ಬಾಡಿಗೆ ಮನೆಯಿಂದ ಪಂಚಾಯಿತಿ ಅಧ್ಯಕ್ಷರ ಕುರ್ಚಿಗೆ: ಒಬ್ಬ ಗಾರ್ಮೆಂಟ್ಸ್ ಕಾರ್ಮಿಕಳ ಅನುಭವ

2023ರಲ್ಲಿ ನಮ್ಮ ಗ್ರಾಮ ಪಂಚಾಯಿತಿಯ ಎರಡನೇ ಮೂವತ್ತು ತಿಂಗಳ ಅವಧಿಗೆ ಅಧ್ಯಕ್ಷೆಯಾಗಿ ಆಯ್ಕೆಯಾದೆ. ಅಂದಿನಿಂದ ಫೋನ್ ಮಾಡುತ್ತಿರುವವರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳು. ಅಭಿನಂದನೆ ಹೇಳಿದ ಕೂಡಲೇ ಅವರು ಕೇಳುವುದು ಒಂದೇ ಮಾತು: “ಅಕ್ಕಾ, ನಾವು ಬೇರೆ ಜಿಲ್ಲೆಯವರು, ಬಾಡಿಗೆ ಮನೆಯಲ್ಲಿರುವವರು. ನಾವೂ ಚುನಾವಣೆಗೆ ನಿಲ್ಲಬಹುದೇ?” ನಿಲ್ಲಬಹುದು. ಅದಕ್ಕೆ ಯಾವ ಕಾಗದ ಬೇಕು, ಎಷ್ಟು ಕಾಯಬೇಕು, ಯಾರು ಎಲ್ಲಿ ತಡೆಯುತ್ತಾರೆ ಎಂಬುದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ತವರು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ ಎರಡು ಎಕರೆ ಖುಷ್ಕಿ ಹೊಲ. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಕೂಲಿ. 2003ರ ಬರದಲ್ಲಿ ಬಿತ್ತಿದ ಬೀಜವೂ ಕೈಗೆ ಬರಲಿಲ್ಲ. ಊರಿನ ಇಬ್ಬರು ಗೆಳತಿಯರು ಬೆಂಗಳೂರಿನ ಪೀಣ್ಯದಲ್ಲಿ ಹೊಲಿಗೆ ಕೆಲಸಕ್ಕೆ ಸೇರಿದ್ದರು, ಅವರ ಜೊತೆ ನಾನೂ ಬಂದೆ. ಹತ್ತನೇ ತರಗತಿ ಪಾಸಾಗಿದ್ದೆ. ಹೆಲ್ಪರ್ ಆಗಿ ದಾರ ಕತ್ತರಿಸುವುದರಿಂದ ಶುರು ಮಾಡಿ, ವರ್ಷ ಕಳೆಯುವುದರೊಳಗೆ ಕಾಲರ್ ಕೂರಿಸುವ ಟೈಲರ್ ಆದೆ. ಆಮೇಲೆ ಮದುವೆ, ಮಗಳು, ಬಾಡಿಗೆ ಮನೆಗಳ ಬದಲಾವಣೆ. ಆ ವರ್ಷಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ಓದುತ್ತಿರುವ ನಿಮ್ಮಲ್ಲಿ ಅನೇಕರು ಅದನ್ನೇ ಬದುಕುತ್ತಿದ್ದೀರಿ.

ಸಂಘದ ಕಡೆ ನನ್ನನ್ನು ತಿರುಗಿಸಿದ್ದು 2016ರ ಏಪ್ರಿಲ್. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿ.ಎಫ್. (ಭವಿಷ್ಯ ನಿಧಿ) ನಿಯಮ ಬದಲಿಸಿ, ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತ್ತು. ಗಾರ್ಮೆಂಟ್ಸ್ ಕೆಲಸದಲ್ಲಿ 58ರವರೆಗೆ ಯಾರ ಕಣ್ಣು, ಯಾರ ಸೊಂಟ ಉಳಿಯುತ್ತದೆ? ಮಗಳ ಓದು, ತಮ್ಮನ ಸಾಲ, ಆಸ್ಪತ್ರೆ ಖರ್ಚು, ಎಲ್ಲಕ್ಕೂ ನಮಗಿದ್ದ ಉಳಿತಾಯ ಅದೊಂದೇ. ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆಯಲ್ಲೂ ತುಮಕೂರು ರಸ್ತೆಯಲ್ಲೂ ಸಾವಿರ ಸಾವಿರ ಹೆಣ್ಣುಮಕ್ಕಳು ಕಾರ್ಖಾನೆ ಬಿಟ್ಟು ಬೀದಿಗೆ ಬಂದರು. ನಾನು ಜಾಲಹಳ್ಳಿ ಕ್ರಾಸ್ ಬಳಿ ಇದ್ದೆ. ಲಾಠಿ, ಅಶ್ರುವಾಯು, ದಿಕ್ಕು ತಪ್ಪಿ ಓಡುವ ಜನ. ಎರಡನೇ ದಿನ ಸಂಜೆಯ ಹೊತ್ತಿಗೆ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ನಾವು ಗೆದ್ದಿದ್ದೆವು. ಆದರೆ ಆ ದಿನಗಳಲ್ಲಿ ನಮ್ಮ ಪರವಾಗಿ ಮಾತಿಗೆ ಕೂರುವವರು ಯಾರು ಎಂಬ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ. ಮುಂದಿನ ಭಾನುವಾರ ಕಾರ್ಮಿಕ ಸಂಘದ ಸಭೆ ನಡೆಯುವ ಕೋಣೆಯನ್ನು ಹುಡುಕಿಕೊಂಡು ಹೋದೆ.

ಸಂಘದಲ್ಲಿ ಮೊದಲು ನನಗೆ ಕೊಟ್ಟದ್ದು ರಸೀದಿ ಪುಸ್ತಕ. ಕಾರ್ಖಾನೆ ಕಾರ್ಮಿಕರಿಗೆ ಸಂಘದ ಚಂದಾ ವರ್ಷಕ್ಕೆ 12 ರೂಪಾಯಿಗಿಂತ ಕಡಿಮೆ ಇರುವಂತಿಲ್ಲ ಎಂದು ಆಗಿನ ಕಾಯ್ದೆ ಹೇಳುತ್ತಿತ್ತು. ಅಷ್ಟು ಸಣ್ಣ ಮೊತ್ತ ಕೇಳುವುದಕ್ಕೂ ಊಟದ ಅರ್ಧ ಗಂಟೆಯಲ್ಲಿ ಸೂಪರ್‌ವೈಸರ್ ಕಣ್ಣು ತಪ್ಪಿಸಬೇಕಾಗುತ್ತಿತ್ತು. ಹೊಸ ಸಂಘ ಕಟ್ಟಬೇಕೆಂದಿರುವವರಿಗೆ ಒಂದು ಮಾತು: 2025ರವರೆಗೆ ಜಾರಿಯಲ್ಲಿದ್ದ 1926ರ ಕಾರ್ಮಿಕ ಸಂಘಗಳ ಕಾಯ್ದೆಯಡಿ ಅರ್ಜಿಗೆ ಏಳು ಜನ ಸಹಿ ಹಾಕಿದರೆ ಸಾಕಿತ್ತು, ಆದರೆ ಆ ಉದ್ಯಮದ ಶೇಕಡಾ ಹತ್ತರಷ್ಟು ಅಥವಾ ನೂರು ಕಾರ್ಮಿಕರು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸದಸ್ಯರಾಗಿರಲೇಬೇಕಿತ್ತು. ಏಳು ಸಹಿ ಹಿಡಿದು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ಬರಿಗೈಯಲ್ಲಿ ವಾಪಸಾದವರನ್ನು ನೋಡಿದ್ದೇನೆ.

ನಾನು ಹೊತ್ತುಕೊಂಡ ಮೊದಲ ದೊಡ್ಡ ಪ್ರಕರಣ ಗ್ರಾಚ್ಯುಟಿಯದು, ಅಂದರೆ ಸತತ ಐದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಸಿಗಬೇಕಾದ ಹಣದ್ದು. ಐದು ವರ್ಷ ತುಂಬುವ ಮುಂಚೆ ಕಾರ್ಮಿಕರಿಂದ ರಾಜೀನಾಮೆ ಬರೆಸಿಕೊಂಡು, ಒಂದೆರಡು ವಾರದಲ್ಲಿ ಅವರನ್ನೇ ಹೊಸಬರೆಂದು ಸೇರಿಸಿಕೊಳ್ಳುವ ರೂಢಿ ನಮ್ಮ ಕಾರ್ಖಾನೆಯಲ್ಲಿತ್ತು. ಅಂಥ ಒಂದು ಬ್ಯಾಚಿನ ಹೆಂಗಸರ ಹಳೆಯ ಸಂಬಳ ಚೀಟಿ, ಇ.ಎಸ್.ಐ. ಕಾರ್ಡ್, ಪಿ.ಎಫ್. ಪಾಸ್‌ಬುಕ್ ಪ್ರತಿ ಕೂಡಿಸಿದೆವು. ಕಾರ್ಮಿಕ ಇಲಾಖೆಯ ಸಂಧಾನ ಸಭೆಗೆ ಆಡಳಿತದವರು ಪದೇ ಪದೇ ಗೈರುಹಾಜರಾದರು. ಪ್ರತಿ ಸಲವೂ ನಮಗೆ ಒಂದು ದಿನದ ಸಂಬಳ ಹೋಗುತ್ತಿತ್ತು. ಒಂದೂವರೆ ವರ್ಷದ ಮೇಲೆ ಹಣ ಬಂತು. ಅಷ್ಟರಲ್ಲಿ ನನ್ನನ್ನು ಹೊಲಿಗೆ ಲೈನಿನಿಂದ ತೆಗೆದು ಪ್ಯಾಕಿಂಗ್‌ಗೆ ಹಾಕಿದ್ದರು. ಅಲ್ಲಿ ನಿಂತೇ ಕೆಲಸ. ಕೊನೆಗೆ ಕಾಲು ಊದಿ ಕೆಲಸ ಬಿಟ್ಟೆ. ಆ ದಿನ ರಾತ್ರಿ ತುಂಬಾ ಅತ್ತೆ. ಆದರೆ ಕಚೇರಿಯೊಂದರ ಮೇಜಿನ ಆಚೆ ಕುಳಿತವರ ಮುಂದೆ ಕಾಗದ ಇಟ್ಟು, ಸ್ವೀಕೃತಿಯ ಸಹಿ ಪಡೆಯದೆ ಏಳಬಾರದು ಎಂಬುದನ್ನು ಕಲಿತದ್ದು ಆಗಲೇ. ಮುಂದೆ ನನ್ನನ್ನು ಕಾಪಾಡಿದ್ದು ಅದೊಂದೇ ಅಭ್ಯಾಸ.

2017ರಲ್ಲಿ ದೊಡ್ಡಬಳ್ಳಾಪುರಕ್ಕೆ ಬಂದೆವು. ಗಂಡನಿಗೆ ಅಲ್ಲಿ ಪವರ್‌ಲೂಮ್‌ನಲ್ಲಿ ಕೆಲಸ ಸಿಕ್ಕಿತು, ನನಗೆ ಅಪಾರೆಲ್ ಪಾರ್ಕ್ ಕಡೆ ಇನ್ನೊಂದು ಕಾರ್ಖಾನೆ. ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡ ಹಳ್ಳಿಯೊಂದರಲ್ಲಿ ಶೀಟಿನ ಸಾಲುಮನೆ ಹಿಡಿದೆವು. ಹನ್ನೆರಡು ಮನೆಗಳಿಗೆ ಎರಡು ಶೌಚಾಲಯ, ಒಂದು ನಲ್ಲಿ. ನೀರು ಬಿಡುವ ಹೊತ್ತಿಗೆ ನಾವೆಲ್ಲ ಕಾರ್ಖಾನೆಯಲ್ಲಿರುತ್ತಿದ್ದೆವು. ರಾತ್ರಿ ಶಿಫ್ಟ್ ಮುಗಿಸಿ ಬರುವ ದಾರಿಯಲ್ಲಿ ಬೀದಿದೀಪ ಇರಲಿಲ್ಲ. ಪಂಚಾಯಿತಿಗೆ ಅರ್ಜಿ ಕೊಡಲು ಹೋದಾಗ ಅಲ್ಲಿದ್ದ ಒಬ್ಬರು ಕೇಳಿದರು: “ನಿಮ್ಮ ವೋಟು ಎಲ್ಲಿದೆಯಮ್ಮಾ?” ಪಾವಗಡದಲ್ಲಿ ಎಂದೆ. “ಹಾಗಾದರೆ ಅಲ್ಲೇ ಕೇಳಿ” ಎಂದರು.

ಆ ಮಾತಿನ ಹಿಂದಿನ ಲೆಕ್ಕ ನನಗೆ ಅರ್ಥವಾಯಿತು. ಆ ಊರಿನಲ್ಲಿ ಬಾಡಿಗೆಗಿರುವವರು ಊರಿನವರಿಗಿಂತ ಹೆಚ್ಚು, ಆದರೆ ಮತದಾರರ ಪಟ್ಟಿಯಲ್ಲಿ ನಾವು ಇಲ್ಲವೇ ಇಲ್ಲ. ರೇಷನ್ ಕಾರ್ಡ್ ಊರಲ್ಲಿ, ವೋಟು ಊರಲ್ಲಿ, ದುಡಿತ ಇಲ್ಲಿ. ಹಬ್ಬಕ್ಕೂ ಚುನಾವಣೆಗೂ ಬಸ್ಸು ಹತ್ತಿ ಹೋಗುತ್ತೇವೆ, ವರ್ಷವಿಡೀ ಕುಡಿಯುವುದು ಇಲ್ಲಿಯ ನೀರು. ಸಂಘದ ಸಭೆಯಲ್ಲಿ ಈ ವಿಷಯ ಇಟ್ಟೆ. ಮೊದಲು ನಮ್ಮ ಹೆಸರುಗಳು ಇಲ್ಲಿಯ ಪಟ್ಟಿಗೆ ಬರಬೇಕು ಎಂದು ತೀರ್ಮಾನಿಸಿದೆವು.

ಇಡೀ ಪ್ರಯಾಣದಲ್ಲಿ ಅತಿ ಕಷ್ಟದ ಭಾಗ ಅದೇ. ವಿಳಾಸದ ದಾಖಲೆಗೆ ಬಾಡಿಗೆ ಕರಾರು ಕೇಳಿದರೆ ಮಾಲೀಕರು ಕೊಡುವುದಿಲ್ಲ, ಮುಂದೆ ಮನೆ ಬಿಡದೆ ಕೂತರೆ ಎಂಬ ಭಯ ಅವರಿಗೆ. ನಾನು ಬ್ಯಾಂಕಿಗೆ ಹೋಗಿ ಪಾಸ್‌ಬುಕ್‌ನಲ್ಲಿ ವಿಳಾಸ ಬದಲಿಸಿಕೊಂಡೆ, ಇನ್ನು ಕೆಲವರು ಗ್ಯಾಸ್ ಸಂಪರ್ಕದ ಪುಸ್ತಕ ಕೊಟ್ಟರು. ಅರ್ಜಿ ಹಾಕಿ ಕಾದೆವು. ತಿಂಗಳು ಕಳೆದ ಮೇಲೆ ವಿಚಾರಿಸಿದರೆ ಅರ್ಧಕ್ಕರ್ಧ ತಿರಸ್ಕೃತವಾಗಿದ್ದವು. ಮನೆ ಮನೆಗೆ ಬಂದು ಹೆಸರು ಪರಿಶೀಲಿಸುವ ಮತಗಟ್ಟೆ ಅಧಿಕಾರಿ (ಬಿ.ಎಲ್.ಒ.) ಬಂದದ್ದು ಕೆಲಸದ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ಸಾಲುಮನೆಗೆಲ್ಲ ಬೀಗ. ‘ವಾಸವಿಲ್ಲ’ ಎಂದು ಬರೆದುಕೊಂಡು ಹೋಗಿದ್ದರು.

ಎರಡನೇ ಸಲ ಅರ್ಜಿ ಹಾಕಿದಾಗ ಮತಗಟ್ಟೆ ಅಧಿಕಾರಿ ಯಾರೆಂದು ಮೊದಲೇ ತಿಳಿದುಕೊಂಡೆವು. ನಮ್ಮ ಭಾಗಕ್ಕೆ ಇದ್ದವರು ಅಂಗನವಾಡಿ ಕಾರ್ಯಕರ್ತೆ. ಅವರ ಬಳಿ ಹೋಗಿ, ಭಾನುವಾರ ಬನ್ನಿ ಅಕ್ಕಾ, ಎಲ್ಲರೂ ಮನೆಯಲ್ಲಿರುತ್ತೇವೆ ಎಂದು ಕೇಳಿಕೊಂಡೆವು. ಬಂದರು. ಪ್ರತಿ ಮನೆಯಲ್ಲೂ ಕೂತು ಬರೆದುಕೊಂಡರು. 2018ರ ವಿಧಾನಸಭಾ ಚುನಾವಣೆಗೆ ಕೆಲವರ ಹೆಸರಷ್ಟೇ ಬಂದಿತ್ತು. ಮುಂದಿನ ವರ್ಷದ ಲೋಕಸಭಾ ಚುನಾವಣೆಯ ಹೊತ್ತಿಗೆ ನಮ್ಮ ಸಾಲು, ಪಕ್ಕದ ಸಾಲು, ಹಿಂದಿನ ಬೀದಿ, ಎಲ್ಲ ಸೇರಿ ದೊಡ್ಡ ಗುಂಪೇ ಆಯಿತು. ಆ ಚುನಾವಣೆಯಲ್ಲಿ ಅಂಗನವಾಡಿ ನೌಕರರ ನಾಯಕಿ ಎಸ್. ವರಲಕ್ಷ್ಮಿ ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ ನಿಂತಿದ್ದರು. ಅವರು ಗೆಲ್ಲಲಿಲ್ಲ. ಆದರೂ ಕಾರ್ಮಿಕರ ಸಂಘದಿಂದ ಬಂದ ಹೆಂಗಸೊಬ್ಬರ ಹೆಸರನ್ನು ಮತಯಂತ್ರದ ಮೇಲೆ ಕಂಡದ್ದು ನನ್ನೊಳಗೆ ಉಳಿಯಿತು.

ಇಲ್ಲಿ ಒಂದು ಸೂಚನೆ. ಆಗ ಬೇರೆ ಕ್ಷೇತ್ರಕ್ಕೆ ಹೆಸರು ವರ್ಗಾಯಿಸಲು ನಮೂನೆ 6 ಬಳಸುತ್ತಿದ್ದರು. 2022ರ ಆಗಸ್ಟ್‌ನಿಂದ ವಿಳಾಸ ಬದಲಾವಣೆಗೆ ನಮೂನೆ 8. ಗ್ರಾಮ ಪಂಚಾಯಿತಿಯ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯಿಂದಲೇ, ಆದರೆ ವಾರ್ಡ್‌ಗಳಾಗಿ ಒಡೆಯುವಾಗ ಹೆಸರುಗಳು ಪಕ್ಕದ ವಾರ್ಡ್‌ಗೆ ಹೋಗಿಬಿಡುತ್ತವೆ. ಕರಡು ಪಟ್ಟಿ ಪ್ರಕಟವಾದ ಕೂಡಲೇ ಪಂಚಾಯಿತಿಗೆ ಹೋಗಿ ನಿಮ್ಮ ಮನೆಯವರೆಲ್ಲರ ಹೆಸರು ನೋಡಿ, ಆಕ್ಷೇಪಣೆಯನ್ನು ಬರಹದಲ್ಲೇ ಕೊಡಿ.

ವೋಟು ಬದಲಿಸಿದ್ದು ತಿಳಿದು ಅಮ್ಮ ನೊಂದುಕೊಂಡಳು. “ಊರಿನ ಋಣ ಹರಿದುಕೊಂಡೆಯಾ?” ಎಂದು ಕೇಳಿದಳು. ಅದಕ್ಕೆ ನಾನು ಕೊಟ್ಟ ಸಮಾಧಾನ ಅವಳಿಗೆ ಸಾಲಲಿಲ್ಲ. ಮುಂದಿನ ಯುಗಾದಿಗೆ ಹೋದಾಗಲೂ ಆ ಮಾತು ಬಂತು.

ಆಮೇಲೆ 2020. ಲಾಕ್‌ಡೌನ್‌ನಲ್ಲಿ ಕಾರ್ಖಾನೆ ಮುಚ್ಚಿತು, ಏಪ್ರಿಲ್ ಸಂಬಳ ಅರ್ಧ ಬಂತು. ಅದೇ ತಿಂಗಳಿನಿಂದ ಸಿಗಬೇಕಿದ್ದ ತುಟ್ಟಿಭತ್ಯೆಯನ್ನು ರಾಜ್ಯ ಸರ್ಕಾರ ಮುಂದೂಡಿತು. ಮೇ ತಿಂಗಳ ಮೊದಲ ವಾರದಲ್ಲಿ ವಲಸೆ ಕಾರ್ಮಿಕರ ರೈಲುಗಳನ್ನೇ ನಿಲ್ಲಿಸಿ, ಟೀಕೆ ಬಂದ ಮೇಲೆ ಮತ್ತೆ ಬಿಟ್ಟರು. ಅದೇ ತಿಂಗಳ ಕೊನೆಯಲ್ಲಿ ದಿನದ ದುಡಿಮೆಯನ್ನು ಹತ್ತು ಗಂಟೆಗೆ ಏರಿಸಿದ ಆದೇಶ ಬಂತು, ಜೂನ್‌ನಲ್ಲಿ ಅದೂ ಹಿಂದೆ ಹೋಯಿತು. ಶ್ರೀರಂಗಪಟ್ಟಣದಲ್ಲಿ ಸಾವಿರಕ್ಕೂ ಹೆಚ್ಚು ಗಾರ್ಮೆಂಟ್ಸ್ ಕಾರ್ಮಿಕರು ಕೆಲಸ ಕಳೆದುಕೊಂಡು ಕಾರ್ಖಾನೆಯೊಳಗೇ ಧರಣಿ ಕೂತ ಸುದ್ದಿ ಬರುತ್ತಿತ್ತು. ನಮ್ಮ ಹಳ್ಳಿಯಲ್ಲಿ ಒಡಿಶಾ, ಜಾರ್ಖಂಡ್‌ನ ಹುಡುಗಿಯರು ಹಾಸ್ಟೆಲ್‌ನಲ್ಲಿ ಸಿಕ್ಕಿಕೊಂಡಿದ್ದರು. ಸಂಘದವರು ಅಕ್ಕಿ, ಬೇಳೆ ಕೂಡಿಸಿ ಹಂಚಿದೆವು. ಪಂಚಾಯಿತಿಯ ಕಿಟ್‌ಗಳು ಮಾತ್ರ ಊರಿನ ಪಟ್ಟಿಯಲ್ಲಿದ್ದ ಮನೆಗಳಿಗೇ ಹೋದವು. ನವೆಂಬರ್ ಕೊನೆಯಲ್ಲಿ ಪಂಚಾಯಿತಿ ಚುನಾವಣೆ ಘೋಷಣೆಯಾದಾಗ ಸಾಲುಮನೆಯ ಹೆಂಗಸರೇ ಬಂದು, “ನೀನು ನಿಲ್ಲು” ಎಂದರು.

ನಮ್ಮ ವಾರ್ಡ್‌ನ ಮೂರು ಸ್ಥಾನಗಳಲ್ಲಿ ಒಂದು ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲು. ನನಗೆ ಜಾತಿ ಪ್ರಮಾಣಪತ್ರ ಬೇಕಾಯಿತು. ಇಲ್ಲಿಯ ನಾಡಕಚೇರಿಯವರು ತಂದೆಯ ಊರಿನಲ್ಲಿ ತನ್ನಿ ಎಂದರು. ಮದುವೆಯಾದ ಹೆಣ್ಣಿಗೂ ಜಾತಿ ಪತ್ರ ತಂದೆಯ ಕಡೆಯದೇ. ಪಾವಗಡಕ್ಕೆ ಹೋದರೆ ಗ್ರಾಮ ಲೆಕ್ಕಿಗರು ರಜೆಯಲ್ಲಿದ್ದರು. ಶಾಲೆಯ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಹೆಸರಿನ ಅಕ್ಷರ, ಆಧಾರ್‌ನಲ್ಲಿ ಗಂಡನ ಹೆಸರು, ಮತದಾರರ ಗುರುತಿನ ಚೀಟಿಯಲ್ಲಿ ಇನ್ನೊಂದು ಬಗೆಯ ಕಾಗುಣಿತ. ಮೂರೂ ಒಬ್ಬಳೇ ಎಂದು 20 ರೂಪಾಯಿ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ ನೋಟರಿ ಸಹಿ ಹಾಕಿಸಿದೆ. ನೋಟರಿಗೆ ಛಾಪಾ ಕಾಗದದ ಹತ್ತುಪಟ್ಟು ಹಣ ಹೋಯಿತು. ನಾಮಪತ್ರದ ಕೊನೆಯ ದಿನ ಹತ್ತಿರವಾಗುತ್ತಿತ್ತು, ನನಗೆ ಅನ್ನ ಇಳಿಯುತ್ತಿರಲಿಲ್ಲ. ಪ್ರಮಾಣಪತ್ರ ಕೈಗೆ ಬಂದಾಗ ಎರಡು ದಿನವಷ್ಟೇ ಉಳಿದಿತ್ತು. ದಯವಿಟ್ಟು ಈ ಪತ್ರವನ್ನು ಚುನಾವಣೆ ಇಲ್ಲದ ಕಾಲದಲ್ಲೇ ಮಾಡಿಸಿ ಇಟ್ಟುಕೊಳ್ಳಿ.

ಠೇವಣಿ ದೊಡ್ಡದಿರಲಿಲ್ಲ. ಆಗ ಸಾಮಾನ್ಯ ಅಭ್ಯರ್ಥಿಗೆ 200 ರೂಪಾಯಿ, ಮಹಿಳೆಯರಿಗೂ ಮೀಸಲು ವರ್ಗದವರಿಗೂ 100 ಇತ್ತು. ಕಷ್ಟ ಬೇರೆಡೆ ಇತ್ತು. ನನ್ನ ನಾಮಪತ್ರಕ್ಕೆ ಸೂಚಕಿಯಾಗಲು ಒಪ್ಪಿದ್ದ ಊರಿನ ಹೆಂಗಸು ಹಿಂದಿನ ರಾತ್ರಿ ಹಿಂದೆ ಸರಿದಳು, ಅವಳ ಮೈದುನ ಬೈದನಂತೆ. ಸೂಚಕರು ಅದೇ ವಾರ್ಡ್‌ನ ಮತದಾರರಾಗಿರಬೇಕು. ಪುಣ್ಯಕ್ಕೆ ಸಾಲುಮನೆಯ ಗೆಳತಿಯರ ಹೆಸರುಗಳು ಪಟ್ಟಿಯಲ್ಲಿದ್ದವು. ಒಬ್ಬಳು ಆ ದಿನದ ಸಂಬಳ ಬಿಟ್ಟು ಜೊತೆಗೆ ಬಂದಳು. ಕಚೇರಿಯಲ್ಲಿ ಮನೆ ಕಂದಾಯದ ಬಾಕಿ ಇಲ್ಲವೆಂಬ ಚೀಟಿ ತರಲು ಹೇಳಿದರು. ಬಾಡಿಗೆಯವಳಿಗೆ ಎಲ್ಲಿಯ ಕಂದಾಯ? ಮಾಲೀಕರು ಬಾಕಿ ಇಟ್ಟುಕೊಂಡಿದ್ದರು. ನಾನು ಎದ್ದು ಹೋಗಲಿಲ್ಲ. “ಬಾಕಿ ನನ್ನ ಹೆಸರಿನಲ್ಲಿದ್ದರೆ ತೋರಿಸಿ ಸರ್, ಇಲ್ಲದಿದ್ದರೆ ನಾಮಪತ್ರ ತೆಗೆದುಕೊಳ್ಳಿ. ತೆಗೆದುಕೊಳ್ಳುವುದಿಲ್ಲವಾದರೆ ಕಾರಣ ಬರೆದು ಕೊಡಿ” ಎಂದೆ. ಕಾರ್ಮಿಕ ಇಲಾಖೆಯ ಮೆಟ್ಟಿಲುಗಳು ಕಲಿಸಿದ ಮಾತು ಅದು. ಬರೆದು ಕೊಡಿ ಎಂದ ಮೇಲೆ ತೆಗೆದುಕೊಂಡರು. ಮನೆಯಲ್ಲಿ ಶೌಚಾಲಯವಿದೆಯೇ ಎಂದೂ ಕೇಳಿದರು. ಸಾಲಿಗೆ ಸೇರಿದ್ದು ಎಂದು ಮಾಲೀಕರ ಪತ್ರ ಮೊದಲೇ ತಂದಿದ್ದೆ.

ಆ ಪತ್ರ ಕೊಟ್ಟ ಮಾಲೀಕರೇ ವಾರದೊಳಗೆ ಮನೆ ಖಾಲಿ ಮಾಡಿ ಎಂದರು. ಅವರನ್ನು ದೂರುವುದಿಲ್ಲ. ಅವರ ಮೇಲೆ ಊರಿನ ಹಿರಿಯರ ಒತ್ತಡವಿತ್ತು. ದೇವಸ್ಥಾನಕ್ಕೆ ಇಷ್ಟು ಹಣ ಎಂದು ಮಾತಾಡಿಕೊಂಡು ಮೂರೂ ಸ್ಥಾನಗಳನ್ನು ಅವಿರೋಧವಾಗಿ ಮುಗಿಸುವ ಲೆಕ್ಕ ಅವರದಾಗಿತ್ತು. ಆ ವರ್ಷ ರಾಜ್ಯದ ಹಲವು ಕಡೆ ಸ್ಥಾನಗಳ ಹರಾಜು ಸುದ್ದಿಯಾಗಿ, ಚುನಾವಣಾ ಆಯೋಗವೇ ಎಚ್ಚರಿಕೆ ಕೊಟ್ಟಿತ್ತು. ನಾಮಪತ್ರ ಹಿಂತೆಗೆದುಕೊಳ್ಳುವ ದಿನದವರೆಗೂ ಯಾರಾದರೊಬ್ಬರು ಮನೆಗೆ ಬರುತ್ತಲೇ ಇದ್ದರು. ಗದರಿದವರಿದ್ದರು, ಹಣ ಕೊಡುತ್ತೇವೆ ಎಂದವರೂ ಇದ್ದರು. “ನಾಳೆ ಮನೆ ಖಾಲಿ ಮಾಡಿ ಹೋಗುವವಳಿಗೆ ಊರಿನ ಉಸಾಬರಿ ಏಕೆ?” ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ನಾನು ಅದೇ ಬೀದಿಯಲ್ಲಿ ಇನ್ನೊಂದು ಮನೆ ಹಿಡಿದೆ, ಬಾಡಿಗೆ 800 ರೂಪಾಯಿ ಹೆಚ್ಚು. ಅದೇ ವಾರ್ಡ್‌ನಲ್ಲೇ ಮನೆ ಹುಡುಕಿದ್ದು ಯೋಚಿಸಿಯೇ.

ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ, ಆಯೋಗದ ಪಟ್ಟಿಯಿಂದ ಒಂದು ಚಿಹ್ನೆ ಕೊಡುತ್ತಾರೆ. ಹೊಲಿಗೆ ಯಂತ್ರ ಕೇಳಿದ್ದೆ, ಸಿಕ್ಕಿದ್ದು ಫ್ಯಾನು. ಕೋವಿಡ್ ನಿಯಮದಿಂದ ಐದು ಜನರಿಗಿಂತ ಹೆಚ್ಚು ಸೇರಿ ಮನೆ ಮನೆಗೆ ಹೋಗುವಂತಿರಲಿಲ್ಲ. ಅದು ಹಣವಿಲ್ಲದ ನನಗೆ ಅನುಕೂಲವಾಯಿತು. ಬೆಳಿಗ್ಗೆ ಶಿಫ್ಟಿಗೆ ಮುಂಚೆ, ರಾತ್ರಿ ಎಂಟರ ನಂತರ ತಿರುಗಿದೆವು. ಕರಪತ್ರ, ಆಟೋ, ಟೀ, ಎಲ್ಲ ಸೇರಿ ಹದಿನಾಲ್ಕು ಸಾವಿರ ದಾಟಿತು. ಒಂಬತ್ತು ಸಾವಿರ ಸಂಘದ ಗೆಳತಿಯರು ಐವತ್ತು, ನೂರು ಎಂದು ಕೂಡಿಸಿದ್ದು. ಅದಕ್ಕೂ ರಸೀದಿ ಬರೆದೆ. ಎದುರಾಳಿಗಳ ಮನೆಯಿಂದ ಕುಕ್ಕರ್ ಹೋದವು ಎಂದು ಕೇಳಿದಾಗ ಎದೆ ಕುಸಿಯಿತು.

ಒಂದಕ್ಕಿಂತ ಹೆಚ್ಚು ಸ್ಥಾನಗಳಿರುವ ವಾರ್ಡ್‌ನಲ್ಲಿ ಮತ ಹಾಕುವ ಕ್ರಮವನ್ನು ಹೇಳಿಕೊಡುವುದೇ ಅರ್ಧ ಪ್ರಚಾರ. ಮೂರು ಸ್ಥಾನಗಳಿದ್ದರೆ ಒಬ್ಬರು ಮೂರು ಮತಗಳವರೆಗೆ ಹಾಕಬಹುದು, ಒಬ್ಬ ಅಭ್ಯರ್ಥಿಗೆ ಒಂದೇ. ನಾಲ್ಕನೆಯ ಮೊಹರು ಬಿದ್ದರೆ ಆ ಮತಪತ್ರ ತಿರಸ್ಕೃತ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಮತಪತ್ರದಂತೆ ಗೆರೆ ಎಳೆದು, ಬದನೆಕಾಯಿ ತೊಟ್ಟಿನಿಂದ ಮೊಹರು ಒತ್ತಿಸಿ ಅಜ್ಜಿಯರಿಗೆ ಕಲಿಸಿದೆವು. ಎಣಿಕೆ ಡಿಸೆಂಬರ್ 30ರಂದು. ಮತಪತ್ರಗಳಾದ್ದರಿಂದ ರಾತ್ರಿಯವರೆಗೂ ನಡೆಯಿತು. ಇಪ್ಪತ್ತಕ್ಕೂ ಕಡಿಮೆ ಅಂತರದಲ್ಲಿ ಗೆದ್ದೆ. ಎಣಿಕೆ ಏಜೆಂಟಾಗಿ ಗಟ್ಟಿಯಾಗಿ ಆಕ್ಷೇಪ ಎತ್ತಬಲ್ಲವರನ್ನೇ ಕೂರಿಸಿ. ನಮ್ಮವಳು ಅನುಮಾನದ ಪ್ರತಿ ಮತಪತ್ರವನ್ನೂ ಮತ್ತೆ ನೋಡಿಸದೆ ಬಿಡಲಿಲ್ಲ.

ಸದಸ್ಯೆಯಾದ ಮೊದಲ ಎರಡೂವರೆ ವರ್ಷ ಸಭೆಗಳಲ್ಲಿ ಕಳೆಯಿತು. ಸಾಮಾನ್ಯ ಸಭೆ ಕೆಲಸದ ದಿನವೇ ನಡೆಯುತ್ತದೆ, ಕಾರ್ಖಾನೆಯಲ್ಲಿ ಸಂಬಳ ಕಡಿತ. ಕೆಲವು ಸದಸ್ಯೆಯರ ಬದಲು ಅವರ ಗಂಡಂದಿರು ಬಂದು ಕೂರುತ್ತಿದ್ದರು. ನನ್ನ ಗಂಡ ಒಂದು ದಿನವೂ ಒಳಗೆ ಬರಲಿಲ್ಲ, ಆ ದಿನಗಳಲ್ಲಿ ಮನೆಯಲ್ಲಿ ಅಡುಗೆ ಅವನದು. ಒಮ್ಮೆ ನಡಾವಳಿ ಪುಸ್ತಕವನ್ನು ಖಾಲಿ ಬಿಟ್ಟು ಸಹಿ ಕೇಳಿದರು. ಬರೆದ ಮೇಲೆ ಹಾಕುತ್ತೇನೆ ಎಂದು ಸಂಜೆ ಆರರವರೆಗೆ ಕೂತೆ. ನೀರು ಬಿಡುವ ಹೊತ್ತನ್ನು ಶಿಫ್ಟಿಗೆ ಹೊಂದಿಸುವ ನಿರ್ಣಯ, ದಾರಿಗೆ ದೀಪ, ಸಾಲುಮನೆಗಳ ಚರಂಡಿ, ಇಷ್ಟು ಆಯಿತು. ಹಾಸ್ಟೆಲ್‌ಗಳ ಪರಿಶೀಲನೆ ಆಗಿರಲಿಲ್ಲ. 2023ರ ಫೆಬ್ರವರಿಯಲ್ಲಿ ದಿನಕ್ಕೆ ಹನ್ನೆರಡು ಗಂಟೆವರೆಗಿನ ದುಡಿಮೆಗೂ ಮಹಿಳೆಯರ ರಾತ್ರಿ ಪಾಳಿಗೂ ದಾರಿ ಮಾಡುವ ತಿದ್ದುಪಡಿ ವಿಧಾನಮಂಡಲದಲ್ಲಿ ಅಂಗೀಕಾರವಾದ ಮೇಲೆ, ದೀಪ ಮತ್ತು ದಾರಿಯ ಪ್ರಶ್ನೆ ಮೊದಲಿಗಿಂತ ತುರ್ತಾಯಿತು.

ಅದೇ ವರ್ಷ ಜೂನ್‌ನಲ್ಲಿ ಎರಡನೇ ಮೂವತ್ತು ತಿಂಗಳಿಗೆ ಅಧ್ಯಕ್ಷ ಸ್ಥಾನದ ಮೀಸಲಾತಿ ನಿಗದಿಯಾಯಿತು. ನಮ್ಮ ಪಂಚಾಯಿತಿಗೆ ಪರಿಶಿಷ್ಟ ಜಾತಿ ಮಹಿಳೆ. ಅರ್ಹರಾದವರು ಮೂವರು. ಮರುದಿನದಿಂದಲೇ ಕೆಲವು ಸದಸ್ಯರ ಫೋನ್ ಆಫ್. ಪ್ರವಾಸಕ್ಕೆ ಹೋಗಿದ್ದಾರೆ ಎಂದರು. ನನ್ನ ಬಳಿ ಕರೆದೊಯ್ಯಲು ಬಸ್ಸೂ ಇರಲಿಲ್ಲ, ಉಳಿಸಲು ರೆಸಾರ್ಟೂ ಇರಲಿಲ್ಲ. ಪ್ರತಿ ಸದಸ್ಯರ ಮನೆಗೆ ಹೋಗಿ, ಅವರ ವಾರ್ಡ್‌ನ ಯಾವ ಕೆಲಸ ಕ್ರಿಯಾಯೋಜನೆಯಲ್ಲಿ ಬಿಟ್ಟುಹೋಗಿದೆ ಎಂದು ನಾನು ಬರೆದಿಟ್ಟಿದ್ದ ಪುಸ್ತಕ ತೋರಿಸಿದೆ. ಹಲವರಿಗೆ ತಮ್ಮ ವಾರ್ಡ್‌ನ ಹಣ ಎಲ್ಲಿ ಹೋಯಿತೆಂದು ಗೊತ್ತಾದದ್ದು ಆಗಲೇ. ಗುಪ್ತ ಮತದಾನದಲ್ಲಿ ಎರಡು ಮತಗಳಿಂದ ಗೆದ್ದೆ. ಪ್ರವಾಸದಿಂದ ನೇರ ಬಂದಿದ್ದವರಲ್ಲೇ ಇಬ್ಬರು ನನಗೆ ಹಾಕಿದ್ದರು ಎಂದು ಆಮೇಲೆ ತಿಳಿಯಿತು. ಫಲಿತಾಂಶ ಓದಿದಾಗ ಕೈಕಾಲು ನಡುಗುತ್ತಿತ್ತು. ಅಮ್ಮನಿಗೆ ಫೋನ್ ಮಾಡಿದೆ. “ಆ ಊರಿನವರು ನಿನ್ನನ್ನು ನಂಬಿದರಾ?” ಎಂದು ಎರಡು ಸಲ ಕೇಳಿದಳು.

ಗೆದ್ದ ಮೇಲೆ ಡಿಜಿಟಲ್ ಸಹಿಗಾಗಿ ಕಾಯಬೇಕಾಯಿತು. ಅಧ್ಯಕ್ಷರ ಮತ್ತು ಪಿ.ಡಿ.ಒ. (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಸಹಿ ಸೇರದೆ ಯಾವ ಬಿಲ್ಲೂ ಪಾವತಿಯಾಗುವುದಿಲ್ಲ. ನನ್ನ ಆಧಾರ್‌ಗೆ ಹಳೆಯ ಮೊಬೈಲ್ ಸಂಖ್ಯೆ ಸೇರಿದ್ದರಿಂದ ಅರ್ಜಿ ಒಮ್ಮೆ ವಾಪಸು ಬಂತು. ಮುಂದೆ ಆಯ್ಕೆಯಾಗುವವರು ಇದನ್ನು ಮೊದಲೇ ಸರಿಪಡಿಸಿಕೊಳ್ಳಿ. ವೋಟು ಇನ್ನೂ ಊರಿನಲ್ಲೇ ಇರುವವರು ಮುಂದಿನ ಪಂಚಾಯಿತಿ ಚುನಾವಣೆ ಬರಲಿ ಎಂದು ಕಾಯುತ್ತಾ ಕೂರಬೇಡಿ. ಬ್ಯಾಂಕ್ ಪಾಸ್‌ಬುಕ್‌ನ ವಿಳಾಸ ಈ ತಿಂಗಳೇ ಬದಲಿಸಿ, ನಮೂನೆ 8 ತುಂಬಿ, ಮತಗಟ್ಟೆ ಅಧಿಕಾರಿಯನ್ನು ಭಾನುವಾರ ಮನೆಗೆ ಕರೆಯಿರಿ.